ಹೆರಿಗೆ ಕೋಣೆಯಲ್ಲಿ ನಮ್ಮವರೊಬ್ಬರು ಬೇಕು

ಊರು ಬಿಟ್ಟು ಬಂದ ಕನ್ನಡದ ಮನೆಗಳಲ್ಲಿ ಸೊಸೆಗೆ ಐದು ತಿಂಗಳು ತುಂಬುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. ಹೆರಿಗೆ ಊರಲ್ಲೋ, ಇಲ್ಲೋ? ಅತ್ತೆ ಒಂದು ಹೇಳುತ್ತಾರೆ, ತಾಯಿ ಇನ್ನೊಂದು ಹೇಳುತ್ತಾರೆ, ಗಂಡ ರಜೆ ಲೆಕ್ಕ ಹಾಕುತ್ತಾನೆ. ಬಸುರಿಯ ಮಾತನ್ನು ಕೇಳುವುದು ಎಲ್ಲರದೂ ಮುಗಿದ ಮೇಲೆ.

ನಾನು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ವಾಲ್ವ್ ತಯಾರಿಸುವ ಕಂಪನಿಯೊಂದರ ಎಚ್.ಆರ್. ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಹೆರಿಗೆ ರಜೆಯ ಅರ್ಜಿ, ವಿಮೆಯ ಬಿಲ್ಲು, ಮತ್ತೆ ಕೆಲಸಕ್ಕೆ ಹಾಜರಾಗುವ ದಿನದ ಪತ್ರ ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಹೋಗುತ್ತವೆ. ಈ ಕಾಗದಗಳನ್ನು ನೋಡುತ್ತಾ ನೋಡುತ್ತಾ ನನಗೆ ಅನ್ನಿಸಿದ್ದು, ನಾವು ಕೇಳುವ ಪ್ರಶ್ನೆಯೇ ಸರಿಯಿಲ್ಲ ಎಂದು. ಹೆರಿಗೆ ಎಲ್ಲಿ ಎನ್ನುವುದಕ್ಕಿಂತ ಮುಖ್ಯ, ಮೊದಲ ತಪಾಸಣೆಯಿಂದ ಬಾಣಂತನದವರೆಗೆ ಆಕೆಯ ಜೊತೆ ಇರುವವರು ಯಾರು ಎನ್ನುವುದು. ಊರಲ್ಲೂ ಇಲ್ಲೂ ಈ ಪ್ರಶ್ನೆಗೆ ಇವತ್ತು ಉತ್ತರವಿಲ್ಲ. ಉತ್ತರ ಇರಬೇಕಾದ ಜಾಗದಲ್ಲಿ ಇರಬೇಕಾದವರು ಮಿಡ್‌ವೈಫ್.

ತವರಿನ ದಾರಿ

ವಾಗ್ಳೆ ಎಸ್ಟೇಟ್ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಮೊದಲ ಕೈಗಾರಿಕಾ ವಸಾಹತು. ಅಂದಿನ ಕಾರ್ಖಾನೆಗಳ ಪಕ್ಕದಲ್ಲಿ ಈಗ ಐ.ಟಿ. ಪಾರ್ಕುಗಳು ಎದ್ದಿವೆ. ಇಲ್ಲಿ ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರಿದ್ದಾರೆ, ಹುಬ್ಬಳ್ಳಿ, ಬೆಂಗಳೂರಿನ ಎಂಜಿನಿಯರುಗಳಿದ್ದಾರೆ, ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ಸಂಬಳದಲ್ಲಿ ಅಜಗಜಾಂತರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ.

ಈ ಪದ್ಧತಿಯನ್ನು ನಾನು ಹಳೆಯದು ಎಂದು ತಳ್ಳಿಹಾಕುವುದಿಲ್ಲ. ತಾಯಿಯ ಮನೆಯ ಬಿಸಿನೀರು, ಬಿಸಿ ಊಟ, ಮಗುವನ್ನು ಎತ್ತಿಕೊಳ್ಳಲು ಇನ್ನೆರಡು ಕೈ, ಇವುಗಳಿಗೆ ಬದಲಿ ಇಲ್ಲ. ಆದರೆ ವೈದ್ಯಕೀಯವಾಗಿ ಆಗುವುದೇನು? ಏಳು ತಿಂಗಳು ಥಾಣೆಯಲ್ಲಿ ಒಬ್ಬ ವೈದ್ಯೆ ನೋಡಿರುತ್ತಾರೆ. ಸೀಮಂತ ಮುಗಿಸಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದ ಮೇಲೆ ಇನ್ನೊಬ್ಬರು ಮೊದಲಿನಿಂದ ಶುರು ಮಾಡುತ್ತಾರೆ. ಇಲ್ಲಿನ ಸರ್ಕಾರಿ ಕಾರ್ಡು ಮರಾಠಿಯಲ್ಲಿ, ಅಲ್ಲಿನ ತಾಯಿ ಕಾರ್ಡು ಕನ್ನಡದಲ್ಲಿ. ಆರನೇ ತಿಂಗಳಲ್ಲಿ ರಕ್ತದೊತ್ತಡ ಸ್ವಲ್ಪ ಏರಿತ್ತು, ಕಬ್ಬಿಣದ ಮಾತ್ರೆ ಹೊಟ್ಟೆಗೆ ಹಿಡಿಸದೆ ನಿಲ್ಲಿಸಿದ್ದರು ಎನ್ನುವಂಥ ಸಣ್ಣ ಸಂಗತಿಗಳು ಯಾವ ಫೈಲಿನಲ್ಲೂ ಸರಿಯಾಗಿ ಸಿಗುವುದಿಲ್ಲ. ಅದು ಬಸುರಿಯ ನೆನಪಿನಲ್ಲಿ ಇರಬೇಕು, ಇಲ್ಲವೇ ಕಳೆದುಹೋಗಬೇಕು. ಅಪಾಯ ಹೆಚ್ಚುವ ಕೊನೆಯ ತಿಂಗಳುಗಳಲ್ಲೇ ಆಕೆ ಹೊಸಬರ ಕೈಗೆ ಹೋಗುತ್ತಾಳೆ.

ಇಲ್ಲೇ ಉಳಿದರೆ? ವೈದ್ಯರು ಬದಲಾಗುವುದಿಲ್ಲ ಅಂದುಕೊಳ್ಳುತ್ತೇವೆ. ಹೊರರೋಗಿ ವಿಭಾಗದಲ್ಲಿ ಎರಡು ಗಂಟೆ ಕಾದು ಐದು ನಿಮಿಷ ಮಾತನಾಡುವ ವೈದ್ಯೆ, ಹೆರಿಗೆ ಶುರುವಾದ ರಾತ್ರಿ ಡ್ಯೂಟಿಯಲ್ಲಿ ಇರುತ್ತಾರೆ ಎಂಬ ಖಾತ್ರಿ ಇಲ್ಲ. ಇದು ಅವರ ತಪ್ಪಲ್ಲ, ಅವರೂ ಮನುಷ್ಯರು, ನಿದ್ದೆ ಬೇಕು. ಆದರೆ ನೋವಿನಲ್ಲಿರುವವಳಿಗೆ ಸುತ್ತ ಇರುವವರೆಲ್ಲ ಅಪರಿಚಿತರು.

ಭಾಷೆಯೂ ಸಣ್ಣ ವಿಷಯವಲ್ಲ. ಹೋಟೆಲಿನಲ್ಲಿ ದುಡಿಯುವ ಗಂಡನ ಜೊತೆ ವರ್ಷದ ಹಿಂದೆ ಬಂದ ಹುಡುಗಿಯನ್ನು 'ಕಳಾ ಯೇತಾತ್ ಕಾ?' ಎಂದು ಕೇಳಿದರೆ, ನೋವು ಬರುತ್ತಿದೆಯೇ ಎಂದು ಕೇಳುತ್ತಿದ್ದಾರೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? 'ಜೋರ್ ಲಾವ್' ಅಂದರೆ ಮುಕ್ಕು ಅಂತ ಯಾರು ಹೇಳಬೇಕು? ಬಜಾರಿನಲ್ಲಿ ಹರಕು ಹಿಂದಿ ಸಾಕು. ಹೆರಿಗೆ ನೋವಿನಲ್ಲಿ ಬಾಯಿಗೂ ಕಿವಿಗೂ ಹತ್ತುವುದು ತಾಯಿನುಡಿ ಒಂದೇ.

ಎಲ್ಲ ಬಲ್ಲ ಸಿಸ್ಟರ್, ಅಧಿಕಾರವಿಲ್ಲದ ಸಿಸ್ಟರ್

ನನ್ನ ಮೊದಲ ಹೆರಿಗೆ ಕುಂದಾಪುರದಲ್ಲಿ, ಎರಡನೆಯದು ಥಾಣೆಯಲ್ಲಿ. ಥಾಣೆಯ ಆ ರಾತ್ರಿ ನನ್ನನ್ನು ನೋಡಿಕೊಂಡವರು ಕೇರಳದ ಒಬ್ಬ ಸಿಸ್ಟರ್. ಮಗ್ಗುಲು ಬದಲಿಸಲು ಹೇಳಿದರು, ಎದ್ದು ನಾಲ್ಕು ಹೆಜ್ಜೆ ನಡೆಸಿದರು, ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿದರು, ನೀರು ಕುಡಿಸಿದರು. ಮಗುವಿನ ಎದೆಬಡಿತ ಕೇಳಿ 'ಚೆನ್ನಾಗಿದೆ' ಎಂದು ಪ್ರತಿ ಸಲ ನನಗೆ ಹೇಳಿದರು. ನಡುನಡುವೆ ಬೇರೆ ಮಂಚಗಳಿಗೂ ಓಡಬೇಕಿತ್ತು. ಕೊನೆಯ ಕಾಲು ಗಂಟೆಗೆ ವೈದ್ಯರು ಬಂದರು, ಹೆರಿಗೆಯಾಯಿತು. ಬಿಲ್ಲಿನಲ್ಲಿ ವೈದ್ಯರ ಹೆಸರಿತ್ತು, ಸಿಸ್ಟರ್ ಹೆಸರು ಇರಲಿಲ್ಲ.

ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಭಾರತದಲ್ಲಿ ನರ್ಸ್‌ಗಳ ನೋಂದಣಿಯೇ 'ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್' ಎಂದು. ಕಾಗದದಲ್ಲಿ ಆ ಸಿಸ್ಟರ್ ಆಗಲೇ ಮಿಡ್‌ವೈಫ್. ಆದರೆ ಸಹಜ ಹೆರಿಗೆಯನ್ನು ತನ್ನ ಹೊಣೆಯಲ್ಲಿ ನಡೆಸುವ ಅಧಿಕಾರ, ಅದಕ್ಕೆ ಬೇಕಾದ ಆಳವಾದ ತರಬೇತಿ, ಒಬ್ಬ ಬಸುರಿಯ ಜೊತೆ ಪೂರ್ತಿ ಇರುವ ಬಿಡುವು, ಈ ಮೂರನ್ನೂ ವ್ಯವಸ್ಥೆ ಅವರಿಗೆ ಕೊಟ್ಟಿಲ್ಲ.

ಹಳ್ಳಿಗಳ ಕಥೆಯೂ ಇದೇ. 'ಎ.ಎನ್.ಎಂ.' ಎಂಬ ಹೆಸರಿನಲ್ಲಿರುವ ಕೊನೆಯ ಅಕ್ಷರ ಮಿಡ್‌ವೈಫ್‌ನದು. ಒಂದು ಕಾಲಕ್ಕೆ ಅವರ ಮುಖ್ಯ ಕೆಲಸ ಹೆರಿಗೆಯೇ. 1973ರ ಕರ್ತಾರ್ ಸಿಂಗ್ ಸಮಿತಿಯ ನಂತರ ಅವರನ್ನು ಬಹು ಉದ್ದೇಶದ ಕಾರ್ಯಕರ್ತೆಯರನ್ನಾಗಿ ಮಾಡಲಾಯಿತು. ಎರಡು ವರ್ಷದ ತರಬೇತಿ 18 ತಿಂಗಳಿಗೆ ಇಳಿಯಿತು. ಲಸಿಕೆ, ಕುಟುಂಬ ಯೋಜನೆ, ರಿಜಿಸ್ಟರ್ ತುಂಬುವುದು ಎಲ್ಲ ಹೆಗಲೇರಿ ಹೆರಿಗೆ ಹಿಂದೆ ಸರಿಯಿತು.

ಸೂಲಗಿತ್ತಿ ಮತ್ತು ಮಿಡ್‌ವೈಫ್

ಮಿಡ್‌ವೈಫ್ ಅಂದ ಕೂಡಲೇ ನಮ್ಮ ಹಿರಿಯರು 'ಅಂದರೆ ಸೂಲಗಿತ್ತಿಯೇ ಅಲ್ಲವೇ, ಮತ್ತೆ ಹಿಂದಕ್ಕೆ ಹೋಗುವುದೇ?' ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಏಳು ದಶಕಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ರೂಪಾಯಿಯನ್ನೂ ಕೇಳದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆ ತಾಯಿಯ ಕೈಗುಣಕ್ಕೆ ನಾಡು ಋಣಿ. ಆದರೆ ಎಲ್ಲ ಊರಿನಲ್ಲೂ ನರಸಮ್ಮ ಇರಲಿಲ್ಲ. ಹೆತ್ತ ಮೇಲೆ ರಕ್ತಸ್ರಾವ ನಿಲ್ಲದೆ, ನಂಜೇರಿ, ಅಡ್ಡ ನಿಂತ ಮಗು ಹೊರಬರದೆ ಸತ್ತ ಹೆಂಗಸರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆಸ್ಪತ್ರೆಗೆ ಹೋಗುವ ರೂಢಿಯೇ ತಾಯಂದಿರನ್ನು ಉಳಿಸಿದ್ದು, ಅದರಲ್ಲಿ ಅನುಮಾನ ಬೇಡ.

ಮಿಡ್‌ವೈಫ್ ಎಂದರೆ ಮನೆಯಲ್ಲೇ ಹೆರಿಗೆ ಎಂದೂ ಅಲ್ಲ. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ವಿಡಿಯೊ ನಂಬಿ ಮನೆಯಲ್ಲಿ ಹೆರಿಗೆಗೆ ಇಳಿದ ಶಿಕ್ಷಕಿಯೊಬ್ಬರು ರಕ್ತಸ್ರಾವದಿಂದ ಪ್ರಾಣ ಕಳೆದುಕೊಂಡರು. ಅಂಥ ದುಸ್ಸಾಹಸಕ್ಕೂ ನಾನು ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ.

ನರಸಮ್ಮ ತೀರಿಕೊಂಡ ಅದೇ ಡಿಸೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ಅನುಭವವಿರುವ ನರ್ಸ್‌ಗಳಿಗೆ 18 ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು, ಆಸ್ಪತ್ರೆಯ ಒಳಗೇ, ತಜ್ಞ ವೈದ್ಯರ ಹೆರಿಗೆ ಕೋಣೆಯ ಪಕ್ಕದಲ್ಲೇ, ಮಿಡ್‌ವೈಫ್‌ಗಳು ನಡೆಸುವ ಘಟಕ ತೆರೆಯುವುದು ಅದರ ತಿರುಳು. ತೊಡಕಿಲ್ಲದ ಬಸುರಿಯರು ಮಿಡ್‌ವೈಫ್ ಬಳಿ, ತೊಡಕಿರುವವರು ವೈದ್ಯರ ಬಳಿ. ನಡುವೆ ತೊಡಕು ಕಂಡರೆ ಪಕ್ಕದ ಕೋಣೆಗೆ ಸಾಗಿಸಲು ನಿಮಿಷಗಳು ಸಾಕು. ಇದಕ್ಕೂ ಮುಂಚೆ, 2017ರಲ್ಲಿ, ತೆಲಂಗಾಣ ಸರ್ಕಾರ ಹೈದರಾಬಾದಿನ ಫರ್ನಾಂಡಿಸ್ ಸಂಸ್ಥೆಯ ನೆರವಿನಿಂದ ಕರೀಂನಗರದಲ್ಲಿ 30 ನರ್ಸ್‌ಗಳಿಗೆ ಇಂಥ ತರಬೇತಿ ಶುರು ಮಾಡಿತ್ತು. 2023ರಲ್ಲಿ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾಯ್ದೆಯ ಹೆಸರೇ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ. ಹೆಸರು ಬಂತು, ನಮ್ಮ ಮನೆಯ ಹೆಣ್ಣುಮಕ್ಕಳ ಅನುಭವಕ್ಕೆ ಇನ್ನೂ ಬರಬೇಕಿದೆ.

ಲಂಡನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಹೆತ್ತಾಗ ತಪಾಸಣೆ ಮಾಡಿದ್ದು, ಹೆರಿಗೆ ಮಾಡಿಸಿದ್ದು, ಆಮೇಲೆ ಮನೆಗೆ ಬಂದು ಹೊಲಿಗೆ, ಎದೆಹಾಲು, ಮಗುವಿನ ತೂಕ ನೋಡಿದ್ದು ಎಲ್ಲವೂ ಮಿಡ್‌ವೈಫ್‌ಗಳೇ. ಅಲ್ಲಿ ತೊಡಕಿಲ್ಲದ ಬಸುರಿಗೆ ಇದೇ ಸಾಮಾನ್ಯ ದಾರಿ. ನೆದರ್‌ಲೆಂಡ್ಸ್‌ನಲ್ಲಿ ಹೆತ್ತ ಮೇಲೆ ಎಂಟು ಹತ್ತು ದಿನ ತರಬೇತಿಯುಳ್ಳ ದಾದಿ ಮನೆಗೇ ಬಂದು ಬಾಣಂತನ ನೋಡಿಕೊಳ್ಳುವ ಏರ್ಪಾಡಿದೆ, ಅದರ ಖರ್ಚಿನ ಬಹುಪಾಲು ವಿಮೆಯಿಂದ. ನಮ್ಮ ಅಜ್ಜಿಯರು ಮಾಡುತ್ತಿದ್ದುದನ್ನು ಅವರು ವ್ಯವಸ್ಥೆಯಾಗಿ ಕಟ್ಟಿಕೊಂಡಿದ್ದಾರೆ.

ಕತ್ತರಿಯ ಲೆಕ್ಕ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 88.6% ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ. ಕರ್ನಾಟಕದಲ್ಲಿ 97%. ಇದು ದೊಡ್ಡ ಗೆಲುವು. ಆದರೆ ಅದೇ ಸಮೀಕ್ಷೆ ಹೇಳುವ ಇನ್ನೊಂದು ಮಾತಿದೆ. ದೇಶದಲ್ಲಿ ಸಿಸೇರಿಯನ್ ಪ್ರಮಾಣ 21.5%. ಸರ್ಕಾರಿ ಆಸ್ಪತ್ರೆಗಳಲ್ಲಿ 14.3%, ಖಾಸಗಿಯಲ್ಲಿ 47.4%. ಮಹಾರಾಷ್ಟ್ರದಲ್ಲಿ ಒಟ್ಟು 25.4%, ಕರ್ನಾಟಕದಲ್ಲಿ 31.5%. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಸೂಕ್ತವೆಂದು ಹೇಳಿದ ಪ್ರಮಾಣ 10ರಿಂದ 15%. ಖಾಸಗಿ ಆಸ್ಪತ್ರೆಯ ಬಾಗಿಲು ದಾಟಿದ ಮಾತ್ರಕ್ಕೆ ಹೆಣ್ಣಿನ ದೇಹ ಬದಲಾಗುವುದಿಲ್ಲವಲ್ಲ!

ಸಿಸೇರಿಯನ್ ಜೀವ ಉಳಿಸುವ ಶಸ್ತ್ರಚಿಕಿತ್ಸೆ. ಬೇಕಾದಾಗ ಸಿಗದಿದ್ದರೆ ತಾಯಿ, ಮಗು ಇಬ್ಬರೂ ಹೋಗುತ್ತಾರೆ. ಆದರೆ ಬೇಡದಾಗ ಮಾಡಿದರೆ ಅರಿವಳಿಕೆ, ಡ್ರಿಪ್ಪು, ರಕ್ತ, ಸೋಂಕು ಎಲ್ಲದರ ಅಪಾಯಕ್ಕೂ ಆಕೆಯನ್ನು ಸುಮ್ಮನೆ ಒಡ್ಡಿದಂತೆ. ಮುಂದಿನ ಬಸಿರಿನಲ್ಲಿ ಕಸ ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಹೆಚ್ಚುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ಡ್ರಿಪ್ಪಿನ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದಿತು. ಶಸ್ತ್ರಚಿಕಿತ್ಸೆ ಹೆಚ್ಚಿದಷ್ಟೂ ಇಂಥದೊಂದು ಕಳಪೆ ಬಾಟಲಿ ತಲುಪುವ ಮಂಚಗಳೂ ಹೆಚ್ಚುತ್ತವೆ.

ನನ್ನ ಮೇಜಿನಿಂದ ಕಾಣುವ ಇನ್ನೊಂದು ಮುಖವನ್ನೂ ಹೇಳಬೇಕು. ನಾನು ನೋಡಿರುವ ಹಲವು ಗುಂಪು ವಿಮೆ ಪಾಲಿಸಿಗಳಲ್ಲಿ ಸಹಜ ಹೆರಿಗೆಗೆ ಒಂದು ಮಿತಿ, ಸಿಸೇರಿಯನ್‌ಗೆ ಅದಕ್ಕಿಂತ ದೊಡ್ಡ ಮಿತಿ. ಹನ್ನೆರಡು ಗಂಟೆ ಪಕ್ಕದಲ್ಲಿ ಕೂತು ಕಾದವರಿಗೆ ಕಡಿಮೆ, ಮುಕ್ಕಾಲು ಗಂಟೆಯಲ್ಲಿ ಕೊಯ್ದು ಹೊಲಿದರೆ ಜಾಸ್ತಿ. ತಪಾಸಣೆ, ಹೆತ್ತ ನಂತರದ ಆರೈಕೆ ಬಹಳಷ್ಟು ಪಾಲಿಸಿಗಳಲ್ಲಿ ಲೆಕ್ಕಕ್ಕೇ ಇಲ್ಲ. ಕಾಯುವುದಕ್ಕೆ ಬೆಲೆ ಕಟ್ಟದ ವ್ಯವಸ್ಥೆಯಲ್ಲಿ ಯಾರು ತಾನೇ ಕಾಯುತ್ತಾರೆ? ವೈದ್ಯರನ್ನು ದೂರುವ ಮೊದಲು ಈ ಲೆಕ್ಕವನ್ನು ನಾವು, ಅಂದರೆ ಪಾಲಿಸಿ ಕೊಳ್ಳುವ ಕಂಪನಿಗಳು, ಸರಿ ಮಾಡಬೇಕು.

ಮಿಡ್‌ವೈಫ್ ಬಂದರೆ ಎಲ್ಲವೂ ಒಂದೇ ಏಟಿಗೆ ಸರಿಹೋಗುತ್ತದೆಯೇ? ಇಲ್ಲ. ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2024ರ ವರದಿ 17 ಪ್ರಯೋಗಗಳ 18,500ಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಪರಿಶೀಲಿಸಿತು. ಮೊದಲಿನಿಂದ ಕೊನೆಯವರೆಗೆ ಮಿಡ್‌ವೈಫ್ ಆರೈಕೆ ಪಡೆದವರಲ್ಲಿ ಸಹಜ ಹೆರಿಗೆ ಹೆಚ್ಚು, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕುವುದು ಕಡಿಮೆ, ಕೆಳಗೆ ಕತ್ತರಿಸುವುದು ಕಡಿಮೆ, ಆರೈಕೆಯ ಬಗ್ಗೆ ಸಮಾಧಾನ ಹೆಚ್ಚು. ಸಿಸೇರಿಯನ್ ಇಳಿಕೆ ಮಾತ್ರ ಸಣ್ಣದು. ಈ ಪ್ರಯೋಗಗಳೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳವು. ನಮ್ಮಂಥ ದೇಶಗಳನ್ನೂ ಸೇರಿಸಿ 88 ದೇಶಗಳ ಲೆಕ್ಕ ಹಾಕಿದ 2021ರ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನವೊಂದು, ತರಬೇತಿಯುಳ್ಳ ಮಿಡ್‌ವೈಫ್ ಸೇವೆ ಎಲ್ಲರಿಗೂ ಸಿಗುವಂತಾದರೆ 2035ರ ಹೊತ್ತಿಗೆ ವರ್ಷಕ್ಕೆ 43 ಲಕ್ಷ ಜೀವಗಳನ್ನು ಉಳಿಸಬಹುದು ಎಂದು ಅಂದಾಜಿಸಿತು. ಆದರೆ ಅದಕ್ಕೆ ಒಂದು ಷರತ್ತಿದೆ. ಹಿಂದೆ ವೈದ್ಯರು, ರಕ್ತ, ಆಪರೇಷನ್ ಥಿಯೇಟರ್, ಆಂಬುಲೆನ್ಸ್ ಇರಲೇಬೇಕು. ಮಿಡ್‌ವೈಫ್ ವೈದ್ಯರಿಗೆ ಬದಲಿ ಅಲ್ಲ, ವೈದ್ಯರ ಸಮಯ ನಿಜವಾಗಿ ಬೇಕಾದವರಿಗೆ ಸಿಗುವಂತೆ ಮಾಡುವವರು.

'ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು?' ಎಂದು ಪರಿಚಯದ ವೈದ್ಯರೊಬ್ಬರು ನನ್ನನ್ನು ಕೇಳಿದ್ದುಂಟು. ಈ ಭಯ ಸುಳ್ಳಲ್ಲ. ತಾಯಿಯೋ ಮಗುವೋ ಹೋದಾಗ ಆಸ್ಪತ್ರೆಯ ಗಾಜು ಪುಡಿಯಾಗುವುದನ್ನು ಈ ನಗರದಲ್ಲಿ ಎಲ್ಲರೂ ನೋಡಿದ್ದೇವೆ. ಹೊಣೆ ಹಂಚಿಕೊಳ್ಳುವ ನಿಯಮ ಬರಹದಲ್ಲಿ ಸ್ಪಷ್ಟವಾಗದೆ ಯಾವ ವೈದ್ಯರೂ ಸಹಿ ಹಾಕುವುದಿಲ್ಲ. ಯಾವ ಲಕ್ಷಣ ಕಂಡರೆ ಮಿಡ್‌ವೈಫ್ ಕರೆಯಬೇಕು, ಕರೆದ ಎಷ್ಟು ಹೊತ್ತಿನಲ್ಲಿ ವೈದ್ಯರು ಬರಬೇಕು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಅದನ್ನು ಮಾಡಬೇಕಾದವರು ಸರ್ಕಾರ ಮತ್ತು ಆಸ್ಪತ್ರೆಗಳು.

ಹೆತ್ತ ಮೇಲಿನ ನಲವತ್ತೆರಡು ದಿನ

ನನ್ನ ಕಣ್ಣಿಗೆ ಅತ್ಯಂತ ಬರಿದಾಗಿ ಕಾಣುವುದು ಹೆರಿಗೆಯ ನಂತರದ ಕಾಲ. ಮೂರನೇ ದಿನ ಡಿಸ್ಚಾರ್ಜ್, ಆರು ವಾರದ ಮೇಲೆ ಬನ್ನಿ ಎಂಬ ಚೀಟಿ. ನಡುವೆ ಎದೆಹಾಲು ಗಟ್ಟಿಯಾಗಿ ಜ್ವರ ಬರುತ್ತದೆ, ಹೊಲಿಗೆ ಕೀವಾಗುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಸರ್ಕಾರದ ಯೋಜನೆಯಲ್ಲಿ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು. ಹಳ್ಳಿಯಲ್ಲಿ ಅದು ನಡೆಯುತ್ತದೆ. ನಮ್ಮ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಯಾರೂ ಬಂದದ್ದನ್ನು ನಾನು ಕಂಡಿಲ್ಲ, ಕಿಸಾನ್ ನಗರದ ಚಾಳಿನ ಬಾಡಿಗೆ ಕೋಣೆಯಲ್ಲಿರುವ ನಮ್ಮವರ ಮನೆಗೆ ಬಂದದ್ದೂ ಕೇಳಿಲ್ಲ. ಊರಿನಿಂದ ಬಂದ ತಾಯಿ ವೀಳ್ಯದೆಲೆ, ಬೆಳ್ಳುಳ್ಳಿ ಗಂಟು ಕಟ್ಟಿಕೊಂಡು ಬಂದು ತಿಂಗಳಲ್ಲಿ ಹಿಂದಿರುಗುತ್ತಾರೆ. ಖಾಸಗಿ ಕೆಲಸದಲ್ಲಿರುವ ಗಂಡನಿಗೆ ಪಿತೃತ್ವ ರಜೆ ಕೊಡಬೇಕೆಂಬ ಕಾನೂನಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಇದೆ. ಹೆಂಗಸಿಗೆ 2017ರಿಂದ 26 ವಾರ ಸಂಬಳದ ರಜೆ ಸಿಕ್ಕಿತು, ನಿಜಕ್ಕೂ ಒಳ್ಳೆಯದಾಯಿತು. ಆದರೆ ಆ 26 ವಾರ ಒಬ್ಬಳೇ ಇರುವುದಕ್ಕೆ ಸಿಕ್ಕ ರಜೆಯಾಗಬಾರದು.

ನಾವು ಮಾಡಬಹುದಾದದ್ದು

ಸರ್ಕಾರ ಬರಲಿ ಎಂದು ಕಾಯುವ ಅಗತ್ಯವಿಲ್ಲದ ಕೆಲಸಗಳಿವೆ. ಮೊದಲನೆಯದು ಮನೆಗಳಿಗೆ. ಆಸ್ಪತ್ರೆ ಆರಿಸುವಾಗ ರೂಮಿಗೆ ಎ.ಸಿ. ಇದೆಯೇ ಎಂದು ಕೇಳುವ ನಾವು ಬೇರೆ ನಾಲ್ಕು ಪ್ರಶ್ನೆ ಕೇಳಬೇಕು. ಹೆರಿಗೆ ಕೋಣೆಯಲ್ಲಿ ನಮ್ಮವರೊಬ್ಬರು ಜೊತೆಗಿರಬಹುದೇ? ನೋವಿನ ಹೊತ್ತಿನಲ್ಲಿ ನಡೆದಾಡಲು, ಕೂರಲು ಬಿಡುತ್ತೀರಾ? ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಸಿಸೇರಿಯನ್ ಆಗಿವೆ? ಮಿಡ್‌ವೈಫ್ ತರಬೇತಿ ಪಡೆದವರು ಇದ್ದಾರೆಯೇ? ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಲು 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಒಪ್ಪಿಗೆ ಕೊಟ್ಟಿದೆ. ಇದು ಬೇಡಿ ಪಡೆಯುವ ಉಪಕಾರವಲ್ಲ. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿರುತ್ತದೆ.

ಎರಡನೆಯದು ಕಂಪನಿಗಳಿಗೆ. ಈ ವರ್ಷ ವಿಮೆ ನವೀಕರಿಸುವಾಗ ನಾನು ನಮ್ಮ ಆಡಳಿತದ ಮುಂದೆ ಎರಡು ಬೇಡಿಕೆ ಇಟ್ಟಿದ್ದೇನೆ. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಒಂದೇ ಮಿತಿ ಇರಲಿ. ಹೆತ್ತ ಮೇಲೆ ಮನೆಗೆ ಬರುವ ದಾದಿಯ ನಾಲ್ಕು ಭೇಟಿಯ ಖರ್ಚು ಪಾಲಿಸಿಯಲ್ಲಿ ಸೇರಲಿ. ಪ್ರೀಮಿಯಂ ಏರುತ್ತದೆ ಎಂದು ಆಕ್ಷೇಪ ಬಂದಿದೆ. ಬೇಡದ ಶಸ್ತ್ರಚಿಕಿತ್ಸೆಯ ಬಿಲ್ಲಿನಿಂದಲೂ ಪ್ರೀಮಿಯಂ ಏರುತ್ತದೆ ಎಂದು ನಾನು ಉತ್ತರಿಸಿದ್ದೇನೆ. ಇದನ್ನು ಓದುತ್ತಿರುವ ಎಚ್.ಆರ್. ಮಿತ್ರರು ಪುಣೆಯಲ್ಲೋ, ಹೈದರಾಬಾದಿನಲ್ಲೋ, ಚೆನ್ನೈಯಲ್ಲೋ ಇದೇ ಮಾತು ಎತ್ತಿದರೆ ವಿಮಾ ಕಂಪನಿಗಳು ಕಿವಿಗೊಡುತ್ತವೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಗೂ ಅವರ ಹೆಂಡತಿಗೂ ಇ.ಎಸ್.ಐ. ಚಿಕಿತ್ಸೆಯ ಹಕ್ಕಿದೆ. ವಾಗ್ಳೆ ಎಸ್ಟೇಟಿನಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ನಮ್ಮ ಹೋಟೆಲುಗಳಲ್ಲಿ ದುಡಿಯುವ ಎಷ್ಟೋ ಹುಡುಗರ ಹೆಸರೇ ಇ.ಎಸ್.ಐ. ಪಟ್ಟಿಗೆ ಸೇರಿರುವುದಿಲ್ಲ. ಕನ್ನಡದ ಮಾಲೀಕರು ಇದನ್ನು ಮೊದಲು ಸರಿಮಾಡಲಿ.

ಮೂರನೆಯದು ನಮ್ಮ ಸಂಘಗಳಿಗೆ. ಮುಂಬಯಿ, ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವ ಎಲ್ಲವನ್ನೂ ಚೆಂದವಾಗಿ ಮಾಡುತ್ತವೆ. ರಕ್ತದಾನ ಶಿಬಿರವನ್ನೂ ಮಾಡುತ್ತವೆ. ನಮ್ಮಲ್ಲೇ ನಿವೃತ್ತ ನರ್ಸ್‌ಗಳಿದ್ದಾರೆ, ನಾಲ್ಕು ಮಕ್ಕಳನ್ನು ಹೆತ್ತು ಬೆಳೆಸಿದ ಅಮ್ಮಂದಿರಿದ್ದಾರೆ. ಬಸುರಿಯ ಜೊತೆ ಆಸ್ಪತ್ರೆಗೆ ಹೋಗಿ ಕನ್ನಡದಲ್ಲಿ ಧೈರ್ಯ ಹೇಳಿ, ಸಿಸ್ಟರ್ ಮಾತನ್ನು ಅವಳಿಗೆ, ಅವಳ ಮಾತನ್ನು ಸಿಸ್ಟರ್‌ಗೆ ತಲುಪಿಸುವ ಹತ್ತು ಹೆಂಗಸರ ಹೆಸರು, ಫೋನ್ ನಂಬರಿನ ಒಂದು ಪಟ್ಟಿ ಸಂಘದಲ್ಲಿದ್ದರೆ ಸಾಕು. ಅವರು ಹೆರಿಗೆ ಮಾಡಿಸಬೇಕಿಲ್ಲ, ಮಾಡಿಸಲೂ ಬಾರದು. ಪಕ್ಕದಲ್ಲಿದ್ದರೆ ಆಯಿತು.

ನಾಲ್ಕನೆಯದು ಎರಡೂ ರಾಜ್ಯಗಳಿಗೆ. ಮಾದರಿ ನೋಂದಣಿ ಸಮೀಕ್ಷೆಯ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33, ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. 97% ಹೆರಿಗೆ ಆಸ್ಪತ್ರೆಯಲ್ಲೇ ಆಗುವ ನಮ್ಮ ನಾಡಿಗೆ ಈ ಅಂಕಿ ಶೋಭೆಯಲ್ಲ. ಕಟ್ಟಡಕ್ಕೆ ಕರೆತಂದರೆ ಮಾತ್ರ ಸಾಲದು, ಕಟ್ಟಡದೊಳಗೆ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಿಡ್‌ವೈಫ್ ಘಟಕಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಮೊದಲು ಬರಲಿ. ಗಡಿ ದಾಟಿ ಹೋಗಿಬರುವ ನಮ್ಮಂಥವರಿಗಾಗಿ ಎರಡೂ ರಾಜ್ಯಗಳ ಕಾರ್ಡು ಒಂದನ್ನೊಂದು ಓದುವಂತಾಗಲಿ.

ತವರಿಗೆ ಹೋಗುವವರು ಹೋಗಲಿ, ಇಲ್ಲೇ ಹೆರುವವರು ಇಲ್ಲೇ ಹೆರಲಿ. ಮುಂದಿನ ಸಲ ನಿಮ್ಮ ಮನೆಯಲ್ಲಿ ಆ ಚರ್ಚೆ ಎದ್ದಾಗ 'ಎಲ್ಲಿ' ಎನ್ನುವ ಮೊದಲು 'ಜೊತೆಗೆ ಯಾರು' ಎಂದು ಕೇಳಿ. ಆ ಪ್ರಶ್ನೆಗೆ ಮೊದಲು ಬಾಯಿ ತೆರೆಯುವ ಅವಕಾಶ ಬಸುರಿಗೇ ಇರಲಿ.